ಕೊಪ್ಪರಿಗೆ ಪ್ರಕರಣದ ವಕೀಲರು

ಇವತ್ತಿನ ವಿಷಯ ಬಹಳ ಗಂಭೀರವಾದದ್ದು. ಹಿಂದೆ ಕಂಬಕ್ಕೆ ಒರಗಿ ಕೂತವರೂ ಸ್ವಲ್ಪ ನೆಟ್ಟಗೆ ಕೂತು ಕೇಳಿ. ಮನುಷ್ಯನ ಉದ್ಧಾರಕ್ಕೆ ಸಂಬಂಧಪಟ್ಟ ವಿಷಯ. ಏನಪ್ಪಾ ಅಂದರೆ, ಒಂದು ತಾಮ್ರದ ಕೊಪ್ಪರಿಗೆ.

ಒಂದು ಪಟ್ಟಣದಲ್ಲಿ ಒಬ್ಬರು ಕ್ರಿಮಿನಲ್ ವಕೀಲರಿದ್ದರು. ಎಂಥ ವಕೀಲರು! ಪಾಟೀಸವಾಲಿಗೆ ನಿಂತರೆ ಸಾಕ್ಷಿಗೆ ತನ್ನ ಹೆಸರಿನ ಮೇಲೇ ಅನುಮಾನ ಬರಬೇಕು. ಇಪ್ಪತ್ತೆರಡು ವರ್ಷ ಅವರು ಕೋರ್ಟಿನಲ್ಲಿ ಹೇಳಿದ್ದು ಒಂದೇ ಮಾತು: ‘ಆರೋಪ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ.’ ಆಮೇಲೆ ಟಿವಿಯವರು ಚರ್ಚೆಗೆ ಕರೆದರು. ನೋಡಿ, ಅಲ್ಲಿ ಆ ಮಾತು ನಡೆಯುವುದಿಲ್ಲ. ‘ವಿಚಾರಣೆ ಆಗಲಿ, ನೋಡೋಣ’ ಅಂದವರನ್ನು ಎರಡನೇ ಸಲ ಯಾರು ಕರೆಯುತ್ತಾರೆ? ವಕೀಲರು ಬುದ್ಧಿವಂತರು, ಒಂದೇ ವಾರದಲ್ಲಿ ಕಲಿತರು. ಪ್ರಶ್ನೆ ಮುಗಿಯುವ ಮೊದಲೇ ತೀರ್ಪು. ಕೊಲೆಗೂ ತೀರ್ಪು, ಕ್ರಿಕೆಟ್ಟಿಗೂ ತೀರ್ಪು.

ಒಂದು ಬೆಳಿಗ್ಗೆ ಅವರ ಆಫೀಸಿಗೆ ಒಬ್ಬ ಹೆಂಗಸು ಓಡಿಬಂದಳು. “ಲಾಯರ್ ಸಾಹೇಬ್ರೇ, ನಮ್ಮನೆಯವರು ಛತ್ರದಲ್ಲಿ ಅಡುಗೆ ಮಾಡೋರು. ಪೊಲೀಸ್ನೋರು ಹಿಡ್ಕೊಂಡು ಹೋಗಿದ್ದಾರೆ. ಆದ್ರೆ ಅದು...”

ವಕೀಲರು ಬೆರಳೆತ್ತಿದರು. “ಒಂದ್ನಿಮಿಷ ತಾಯಿ, ಚಾನೆಲ್ಲಿನವರು ಲೈನಲ್ಲಿದ್ದಾರೆ.”

ಫೋನು ಕಿವಿಯಲ್ಲಿ, ಪೆನ್ನು ಕೈಯಲ್ಲಿ. ವಕಾಲತ್ತಿಗೆ ಓದದೆ ಸಹಿ ಹಾಕಿದರು. ಅವಳು ಒಂದು ಚೀಟಿ ಚಾಚಿ, “ಇದು ಮುಖ್ಯ ಸ್ವಾಮಿ,” ಅಂದಳು. ಅವರು ಅದನ್ನು ತಿರುಗಿಸಿ, ಹಿಂದುಗಡೆ ‘ಸಂಜೆ ಏಳು. ನೀಲಿ ಕೋಟು’ ಎಂದು ಬರೆದುಕೊಂಡು ಕೋಟಿನ ಜೇಬಿಗೆ ಇಳಿಸಿದರು. “ಹೋಗಿ ಬನ್ನಿ ತಾಯಿ, ಎಲ್ಲಾ ನಾನು ನೋಡ್ಕೋತೀನಿ.”

ಏನು ನೋಡಿಕೊಂಡರು? ಸಂಜೆ ಟಿವಿಯಲ್ಲಿ ತಮ್ಮನ್ನೇ ನೋಡಿಕೊಂಡರು.

ಆವತ್ತಿನ ಚರ್ಚೆ ಛತ್ರದ ಕೊಪ್ಪರಿಗೆ ಕಳ್ಳತನ. ಪರದೆಯ ಮೇಲೆ, ಮುಖ ಮಸುಕು ಮಾಡಿದ ಒಬ್ಬ ಅಡುಗೆಯವನು ಕೊಪ್ಪರಿಗೆಯನ್ನು ಆಟೋಗೆ ಏರಿಸುತ್ತಿದ್ದಾನೆ. ವಕೀಲರು ಮೇಜು ಕುಟ್ಟಿದರು. “ಕಣ್ಣಿಗೆ ಕಾಣ್ತಿದೆಯಲ್ಲ ಸ್ವಾಮಿ, ಇನ್ನೇನು ಸಾಕ್ಷಿ ಬೇಕು? ಇಂಥವನಿಗೆ ಜಾಮೀನು ಕೊಟ್ಟರೆ ನಾಡಿನ ಪಾತ್ರೆಪಡಗಕ್ಕೆ ಭದ್ರತೆ ಎಲ್ಲಿದೆ?”

ಮರುದಿನ ಕೋರ್ಟು. ಕಟಕಟೆಯಲ್ಲಿ ಅಡುಗೆಯವನು, ಹಿಂದೆ ಬೆಂಚಿನಲ್ಲಿ ಅವನ ಹೆಂಡತಿ. ಅವಳನ್ನು ಕಂಡಾಗಲೇ ವಕೀಲರಿಗೆ ತಮ್ಮ ಕಕ್ಷಿದಾರ ಯಾರು ಅಂತ ತಿಳಿದದ್ದು. ಆದರೂ ಎದ್ದು ನಿಂತು ಜಾಮೀನು ಕೇಳಿದರು.

ಸರ್ಕಾರಿ ವಕೀಲರು ನಗುತ್ತ ಎದ್ದರು. “ಮಹಾಸ್ವಾಮಿ, ನನ್ನ ವಾದವನ್ನ ನಿನ್ನೆ ಸಂಜೆ ಏಳಕ್ಕೆ ಇವರೇ ಮಂಡಿಸಿದ್ದಾರೆ. ನನಗಿಂತ ಚೆನ್ನಾಗಿ.”

ನ್ಯಾಯಾಧೀಶರು ಕನ್ನಡಕ ಇಳಿಸಿದರು. “ನಮ್ಮ ಮನೆಯಲ್ಲೂ ನೋಡಿದರು. ನಿನ್ನೆಯ ವಕೀಲರನ್ನ ನಂಬಲೋ, ಇವತ್ತಿನವರನ್ನ ನಂಬಲೋ?”

ವಕೀಲರು ಫೈಲಿನ ಹಾಳೆ ತಿರುವತೊಡಗಿದರು. ಆಗ ಹಿಂದಿನಿಂದ ಹೆಂಗಸಿನ ದನಿ: “ಅಯ್ಯೋ, ಕೊಪ್ಪರಿಗೆ ಕಲಾಯಿ ಹಾಕಿಸೋಕೆ ಹೋಗಿದೆ ಸ್ವಾಮೀ! ಮ್ಯಾನೇಜರೇ ಕಳಿಸಿ ಕಾಶಿಗೆ ಹೋದರು, ಛತ್ರದ ಯಜಮಾನರಿಗೆ ಹೇಳೋಕೆ ಮರೆತರು. ಚೀಟಿ ಲಾಯರ್ ಸಾಹೇಬ್ರ ಜೇಬಲ್ಲೇ ಇದೆ, ನೋಡ್ಕೊಳ್ಳೋಕೆ ಹೇಳಿ!”

ಇತ್ತು. ನ್ಯಾಯಾಧೀಶರು ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. “ಒಂದು ಬದಿ ಮ್ಯಾನೇಜರ ಸಹಿ. ಇನ್ನೊಂದು ಬದಿ ನೀಲಿ ಕೋಟು. ಯಾವ ಬದಿ ದಾಖಲೆಗೆ ತಗೊಳ್ಳಲಿ, ವಕೀಲರೇ?”

ನಗುತ್ತೀರಿ. ನಗಿ. ಆದರೆ ಇವತ್ತು ಬೆಳಿಗ್ಗೆ ಮನೆಯವರು ನಿಮಗೆ ಏನು ಹೇಳಿದರು, ಜ್ಞಾಪಕ ಇದೆಯಾ? ಬೆರಳೆತ್ತಿದಿರಿ, ಅಲ್ಲವಾ? ಊರಿನವರ ಮನೆ ಜಗಳಕ್ಕೆಲ್ಲ ನಿಮ್ಮ ಫೋನಿನಲ್ಲಿ ತೀರ್ಪು ತಯಾರಿದೆ. ಎದುರಿಗೆ ನಿಂತವರ ಮಾತಿಗೆ ಮಾತ್ರ ‘ಒಂದ್ನಿಮಿಷ’. ನಾಳೆಯಿಂದ ಇಷ್ಟು ಮಾಡಿ. ಮನೆಯಲ್ಲಿ ಯಾರಾದರೂ ಬಾಯಿ ತೆರೆದರೆ, ಅವರು ಮುಗಿಸುವವರೆಗೆ ನಿಮ್ಮದು ಮುಚ್ಚಿರಲಿ. ಚೀಟಿ ಕೊಟ್ಟರೆ, ಬರೆಯುವ ಮೊದಲು ಓದಿ.

ಅಡುಗೆಯವನಿಗೆ ಜಾಮೀನು ಸಿಕ್ಕಿತು. ಮುಂದಿನ ವಾಯಿದೆಗೆ ಅವನ ಹೆಂಡತಿ ಬೇರೆ ವಕೀಲರನ್ನು ಹಿಡಿದಳು.