ಇಂಗ್ಲಿಷಿನಲ್ಲಿ ಇಲ್ಲದ ಮಾತು

ನಲವತ್ತೇಳರ ಮೇ ತಿಂಗಳು. ಮಳವಳ್ಳಿಯಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದೆ. ಹುಣಸೆಮರದ ಬುಡದಲ್ಲಿ ಒಂದು ಗಂಟು ಇಟ್ಟುಕೊಂಡು ಅಕ್ಕ ತಮ್ಮ ಕೂತಿದ್ದರು.

“ಇನ್ನೊಂದ್ಸಲ ಯೋಳ್ಲಾ ಮುದ್ದ. ಮೇಷ್ಟ್ರು ಏನಂದ್ರು?”

“ಎಷ್ಟ್ ಸಲ ಯೋಳ್ಲಕ್ಕ? ಡೆಲ್ಲೀಲಿ ದೇಸಕ್ಕೆಲ್ಲ ಒಸ ಕಾನೂನು ಬರೀತಾವ್ರೆ. ಬಿಟ್ಟಿ ಚಾಕ್ರಿ ಯಾರೂ ಮಾಡಿಸ್ಕೂಡ್ದು ಅಂತ ಒಪ್ಕೊಂಡವ್ರೆ.”

“ಸಾಹೇಬ್ರು ಬಂದಾಗ ಪೆಟ್ಗೆ ಹೊರೋದು?”

“ಅದೂವೆ.”

“ಬಿಟ್ಟಿ ಅಂತ್ಲೇ ಬರ್ದವ್ರಾ? ಬ್ಯಾರೆ ಏನೋ ಬರ್ದು ಕೈ ಎತ್ತಿಬುಟ್ರೆ?”

“ಬರೆಯೋದು ಇಂಗ್ಲೀಸ್ನಲ್ಲಿ. ಬಿಟ್ಟಿಗೆ ಇಂಗ್ಲೀಸ್ನಲ್ಲಿ ಸರ್ಯಾದ ಮಾತೇ ಇಲ್ವಂತೆ. ಬೇಗಾರ್ ಅಂತ ಡೆಲ್ಲಿ ಕಡೆ ಜನದ ಮಾತ್ನೇ ಇಟ್ಟವ್ರೆ.”

“ಇಂಗ್ಲೀಸ್ನೋರು ಯಾವತ್ತಾದ್ರೂ ಪೆಟ್ಗೆ ಹೊತ್ತಿದ್ರೆ ತಾನೆ ಮಾತು ಇರಾದು!”

ಆ ಸುದ್ದಿ ನನ್ನ ಕೈಲಿದ್ದ ಪೇಪರಿನಲ್ಲೂ ಇತ್ತು. ಓದಿ, ಪುಟ ತಿರುಗಿಸಿದ್ದೆ.

“ನಮ್ ಮೈಸೂರ್ಗೂ ಬತ್ತದಾ?”

“ಬತ್ತದಂತೆ. ವಸಿ ತಡ ಆಗ್ಬೌದು.”

“ನಮ್ ಬೆಟ್ಟಂಗೆ ನೀನೇ ಯೋಳ್ಲಾ. ಹೆತ್ತ ತಾಯಿ ಮಾತ ನಂಬಾಕಿಲ್ಲ ಅವ್ನು. ಬಿಟ್ಟಿ ನಿಲ್ಲೋಗಂಟ ಊರಿಗೆ ಕಾಲಿಡಾಕಿಲ್ಲ ಅಂತ ಮಂಡ್ಯ ಸೇರ್ದೋನು, ನಾಕು ವರ್ಸ ಆಯ್ತು.”

“ಬತ್ತಾನೆ ಬುಡಕ್ಕ. ಕರ್ಕೊಂಡೇ ಬರಾನ.”

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. ಬಸ್ಸು ಬಂದು ನಿಂತಿತು. ತಮ್ಮ ಗಂಟನ್ನೆತ್ತಿ ಹೆಗಲಿಗೇರಿಸಿಕೊಂಡ.

“ಇದೂ ಬಿಟ್ಟೀನೇನಕ್ಕ?”

“ಓಗೋವಾಗ ನೀ ಹೊರು. ಬರೋವಾಗ ನಿನ್ನಳಿಯ ಹೊರ್ತಾನೆ. ಬಸ್ ಹತ್ತು, ಹತ್ತು.”