ಬಾಟಲಿ ಹಿಡಿದ ಕೈ

"ಹಲೋ… ಹಲೋ, ಯಾರು ಮಾತಾಡೋದು? ವ್ಯಾನಿನವರಾ?"

…

ತಂಗಿ ತೀರಿಕೊಂಡ ಸುದ್ದಿ ಆ ದಿನ ಬೆಳಿಗ್ಗೆ ಆರೂವರೆಗೆ ಇದೇ ಫೋನಿನಲ್ಲಿ ಬಂದಿತ್ತು. ನಿರಾಶ್ರಿತರ ಶಿಬಿರದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ದಾದಿಯಾಗಿದ್ದವಳು ಎರಡೇ ದಿನದ ಜ್ವರಕ್ಕೆ ಹೊರಟುಹೋದಳು. ಆಕೆಯನ್ನು ಮನೆಗೆ ತರುತ್ತಿದ್ದ ವ್ಯಾನಿನವನು, ಊರು ಹತ್ತಿರ ಬಂದಾಗ ದಾರಿ ಕೇಳಲು ಫೋನು ಮಾಡುತ್ತೇನೆ ಎಂದಿದ್ದ. ಅಚ್ಚುಮನೆಯಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದ ಅಣ್ಣ ಬೆಳಗಿನಿಂದ ಫೋನನ್ನು ಅಂಗೈಯಲ್ಲಿಟ್ಟುಕೊಂಡೇ ಮಂಚದ ತುದಿಯಲ್ಲಿ ಕೂತಿದ್ದರು. ಪಕ್ಕದ ಮನೆಯ ಟೈಲರಮ್ಮ ಬಾಗಿಲ ಬೆಳಕಿನಲ್ಲಿ ಬಿಳಿ ಬಟ್ಟೆಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಫೋನು ಬಡಿದುಕೊಂಡಿತು.

"ಯಾವ ಸಮಿತಿ?… ಪ್ರಶಸ್ತಿ ಸಮಿತಿನಾ? ನಾನು ಯಾವ ಪ್ರಶಸ್ತಿಗೂ ಅರ್ಜಿ ಹಾಕಿಲ್ಲಮ್ಮ. ತಪ್ಪು ನಂಬರು ಇರಬೇಕು."

…

"ಹಾಂ. ಹೌದು, ಅವಳ ಅಣ್ಣಾನೇ… ಎತ್ತುತ್ತಿಲ್ವಾ? ಇವತ್ತು ಎತ್ತಲ್ಲ ಅವಳು. ಏನು ವಿಷಯ, ಬೇಗ ಹೇಳಿ. ನನಗೆ ಇನ್ನೊಂದು ಫೋನು ಬರೋದಿದೆ."

…

"ಮಾನವೀಯ ಸೇವೆಗೆ ಪ್ರಶಸ್ತಿ. ಸರಿ, ಯಾರಿಗೆ?… ಓ, ಆ ನಟನಿಗಾ! ಸಿನಿಮಾದಲ್ಲಿ ಒಂದೇ ಏಟಿಗೆ ಹದಿನೈದು ಜನರನ್ನ ಮಲಗಿಸ್ತಾನಲ್ಲ, ಅವನಿಗೇನಾ? ಮಾನವೀಯತೆಗೆ?… ಇಲ್ಲಮ್ಮ, ನಗ್ತಿಲ್ಲ. ಇವತ್ತು ನಗೋ ದಿನ ಅಲ್ಲ. ಹೇಳಿ."

…

"ಗೊತ್ತು, ಶಿಬಿರಕ್ಕೆ ಬಂದಿದ್ದ. ನಲವತ್ತು ನಿಮಿಷ ಇದ್ದ… ಹೇಗೆ ಗೊತ್ತು ಅಂದ್ರೆ? ನನ್ನ ತಂಗಿ ಗಡಿಯಾರ ನೋಡ್ತಾ ನಿಂತಿದ್ದಳಮ್ಮ. ಬಾಟಲಿ ಖಾಲಿಯಾಗೋ ಹೊತ್ತು ನೋಡಬೇಕಲ್ಲ."

…

"ಫೋಟೋ ತಾನೇ? ಮಗೂನ ಎದೆಗೆ ಒತ್ತಿಕೊಂಡಿರೋದು. ನೋಡಿದೀನಿ, ಯಾರು ನೋಡಿಲ್ಲ! ಬಸ್ ನಿಲ್ದಾಣದ ಗೋಡೆಗೆ ನಮ್ಮ ಮನೆಯಷ್ಟು ದೊಡ್ಡದು ಅಂಟಿಸಿದ್ರಲ್ಲ… ಬಲಗಡೆ ಮೂಲೇಲಾ? ಹಾಂ, ಒಂದು ಕೈ. ಮೊಣಕೈವರೆಗೆ ಮಾತ್ರ. ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದಿದೆ… ಹೌದಮ್ಮ. ಅದು ನನ್ನ ತಂಗಿ ಕೈ. ಮಣಿಕಟ್ಟಿನ ಮೇಲೆ ಸುಟ್ಟ ಕಲೆ ಕಾಣುತ್ತಾ? ಏಳು ವರ್ಷದವಳಿದ್ದಾಗ ಇಸ್ತ್ರಿಪೆಟ್ಟಿಗೆ ತಾಗಿದ್ದು. ನಾನೇ ತಾಗಿಸಿದ್ದು."

…

"ಅನುಮತಿನಾ? ಕೈಗೆ?… ಓಹೋ. ಒಪ್ಪಿಗೆ ಕೊಡದವರ ಕೈ ಫೋಟೋದಲ್ಲಿ ಇರಕೂಡದು. ಕಾನೂನು ವಿಭಾಗದವರು ಹೇಳಿದ್ರಾ? ಒಪ್ಪಿಗೆ ಸಿಗದಿದ್ರೆ?… ಅಳಿಸ್ತೀರಾ? ಕಂಪ್ಯೂಟರಲ್ಲಿ?"

ಅವರು ಎದ್ದು ನಿಂತರು. ಟೈಲರಮ್ಮನ ಸೂಜಿ ಬಟ್ಟೆಯಲ್ಲೇ ನಿಂತಿತು.

"ಅಲ್ಲಮ್ಮ, ಕೈ ಅಳಿಸಿದ್ರೆ ಬಾಟಲಿ ಏನಾಗುತ್ತೆ? ಗಾಳೀಲಿ ನಿಂತಿರುತ್ತಾ?… ಏನು? ಸ್ಟ್ಯಾಂಡಾ? ಸ್ಟ್ಯಾಂಡಿನ ಚಿತ್ರ ಸೇರಿಸ್ತೀರಾ?… ಅಯ್ಯೋ, ಅಲ್ಲೇ ಇತ್ತಲ್ಲಮ್ಮ ಸ್ಟ್ಯಾಂಡು! ತುಕ್ಕು ಹಿಡಿದ ಕಬ್ಬಿಣ, ನಟರ ಮುಖಕ್ಕೆ ಅಡ್ಡ ಬರುತ್ತೆ ಅಂತ ಫೋಟೋದವರೇ ಆಚೆ ಇಡಿಸಿದ್ರು. ಅದಕ್ಕೇ ತಾನೆ ಇವಳು ಸ್ಟ್ಯಾಂಡಾಗಿ ನಿಂತಿದ್ದು! ಆಮೇಲೆ ಹದಿನೈದು ದಿನ ಆ ಕೈಯಲ್ಲಿ ತಲೆ ಬಾಚಿಕೊಳ್ಳೋಕೆ ಆಗಲಿಲ್ಲ ಅವಳಿಗೆ. ಈಗ ಇವಳನ್ನ ಅಳಿಸಿ ಸ್ಟ್ಯಾಂಡ್ ಇಡ್ತೀರಾ?"

…

"ಇಲ್ಲಮ್ಮ, ನಿಮ್ಮನ್ನ ಬೈತಿಲ್ಲ. ನಿಮ್ಮ ವಯಸ್ಸೆಷ್ಟು?… ಇಪ್ಪತ್ನಾಲ್ಕಾ? ಹಾಗಾದ್ರೆ ನೀನು ಅಂತೀನಿ, ಬೇಜಾರಿಲ್ಲ ಅಲ್ವಾ? ಎಲ್ಲಿ, ಬಿನ್ನವತ್ತಳೆಯಲ್ಲಿ ಏನು ಬರೆದಿದೀರಿ ಓದು. ನಿಧಾನಕ್ಕೆ ಓದು, ಮಗಳೇ."

…

ಅವರು ಕಣ್ಣು ಮುಚ್ಚಿ ಕೇಳಿದರು. ಕರಡು ಓದಿಸಿಕೊಳ್ಳುವಾಗಿನ ಹಳೆಯ ಅಭ್ಯಾಸಕ್ಕೆ ಬಲಗೈ ಪೆನ್ಸಿಲಿಗಾಗಿ ಕಿವಿಯ ಹಿಂದೆ ಹೋಯಿತು. ಪೆನ್ಸಿಲು ಅಲ್ಲಿರಲಿಲ್ಲ.

"ನಿಲ್ಲಿಸು, ಆ ಸಾಲು ಇನ್ನೊಂದು ಸಲ… 'ಕಾಯಿಲೆಯ ಕಂದನನ್ನು ಎರಡೂ ತೋಳುಗಳಿಂದ ಬಳಸಿ, ಜೀವಜಲದ ಬಾಟಲಿಯನ್ನು ತಮ್ಮ ಕೈಯಾರೆ ಎತ್ತಿ ಹಿಡಿದು.' ಹಾಂ. ಈ ತಿದ್ದುಪಡಿ ಬರಕೋ. ಎರಡೂ ತೋಳು ಮಗುವಿನ ಸುತ್ತ ಇದ್ರೆ ಬಾಟಲಿ ಯಾವ ಕೈಲಿ? ಮೂರು ಕೈ ಇರೋ ಮನುಷ್ಯನನ್ನ ದೇವರು ಇನ್ನೂ ಮಾಡಿಲ್ಲಮ್ಮ. ಸಿನಿಮಾದವರು ಮಾಡಿದ್ರೆ ಗೊತ್ತಿಲ್ಲ."

…

"ನಗು, ಪರವಾಗಿಲ್ಲ. ತಿದ್ದಿಬಿಡು, ಅಷ್ಟೇ… ಯಾಕಾಗಲ್ಲ?… ತಾಮ್ರದ ತಗಡಿನಲ್ಲಿ ಕೆತ್ತಿಸಿ ಆಗಿದೆಯಾ. ಕೆತ್ತಿಸೋ ಮುಂಚೆ ಯಾರೂ ಓದಲಿಲ್ವಾ? ಏಳು ಜನ ತೀರ್ಪುಗಾರರಲ್ಲಿ ಒಬ್ಬರೂ ಕೈ ಎಣಿಸಲಿಲ್ವಾ?"

…

"ಅವಳ ಹತ್ರಾನೇ ಮಾತಾಡಬೇಕಾ? ಒಪ್ಪಿಗೆ ಅವಳೇ ಕೊಡಬೇಕಾ?… ಮಗಳೇ, ಅವಳು… ಏನಿಲ್ಲ, ಇದ್ದೀನಿ. ಲೈನಲ್ಲೇ ಇದ್ದೀನಿ."

ಬೆಳಗಿನಿಂದ ಆ ಮಾತನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಟೈಲರಮ್ಮ ತಾನೇ ತಿಳಿದುಕೊಂಡು ಬಂದಿದ್ದಳು.

"ಅವಳು ಹೋಗಿಬಿಟ್ಟಳಮ್ಮ. ಇವತ್ತು ನಸುಕಿನಲ್ಲಿ… ಇಲ್ಲ ಇಲ್ಲ, ನಿನಗೆ ಹೇಗೆ ಗೊತ್ತಾಗಬೇಕು? ಕ್ಷಮೆ ಯಾಕೆ ಕೇಳ್ತೀಯ? ದೇವರು ಕರೆದಿದ್ದಕ್ಕೆ ನೀನೇನು ಮಾಡ್ತೀಯ… ಯಾರಿಗೆ ಕೊಡ್ತೀಯ ಫೋನು? ಮೇಲಿನವರಿಗಾ?… ಸರಿ, ಕಾಯ್ತೀನಿ."

…

ಫೋನಿನಿಂದ ಹಾಡೊಂದು ಹೊರಟಿತು. ಅದೇ ನಟನ ಸಿನಿಮಾದ ಕುಣಿತದ ಹಾಡು. ಟೈಲರಮ್ಮ ಗಾಬರಿಯಿಂದ ತಲೆಯೆತ್ತಿದಳು.

"ನಾನಲ್ಲಮ್ಮ ಹಾಕಿರೋದು. ಸಮಿತಿಯವರು ಹಾಕಿದಾರೆ."

…

"ಹಲೋ. ಕಾರ್ಯದರ್ಶಿಗಳಾ? ನಮಸ್ಕಾರ… ಹೌದು ಸಾರ್, ಇವತ್ತೇ. ಎರಡು ದಿನ ಜ್ವರ… ನಿಮ್ಮ ಸಂತಾಪ ತಲುಪಿತು… ಏನಂದ್ರಿ? ಕಾರ್ಯಕ್ರಮಕ್ಕೆ ಒಂದು ಗಾಂಭೀರ್ಯ ಬರುತ್ತಾ? ಹೇಗೆ?… ಹಾಂ. ದೀಪ ಆರಿಸಿ, ಪರದೆ ಮೇಲೆ ಅವಳ ಫೋಟೋ ತೋರಿಸಿ, ಒಂದು ನಿಮಿಷ ಮೌನ. ಆಮೇಲೆ ನಟರು ಅವಳ ಬಗ್ಗೆ ಎರಡು ಮಾತಾಡಿ ಕಣ್ಣೊರೆಸಿಕೊಳ್ತಾರೆ. ಕಣ್ಣೊರೆಸಿಕೊಳ್ಳೋದೂ ಕಾರ್ಯಕ್ರಮ ಪಟ್ಟಿಯಲ್ಲಿದೆಯಾ ಸಾರ್?"

…

"ಅವಳ ಹೆಸರು ಅವರಿಗೆ ಗೊತ್ತಾ?… ನೀವು ಬರೆದುಕೊಡ್ತೀರಿ. ಸರಿ. ಬೆಳಿಗ್ಗೆವರೆಗೂ ಬದುಕಿದ್ದಳು, ಆಗ ಅಳಿಸಿಹಾಕೋ ಕೈ ಆಗಿದ್ದಳು. ಮಧ್ಯಾಹ್ನಕ್ಕೆ ನಿಮಗೆ ಇಡೀ ಹೆಂಗಸು ಬೇಕಾದಳು. ತುಂಬ ಬೇಗ ದೊಡ್ಡವಳಾದಳು ಸಾರ್ ನನ್ನ ತಂಗಿ… ಬೇಡ. ಫೋಟೋ ಕೊಡಲ್ಲ. ಮೌನಾನೂ ಬೇಡ, ಮನೇಲಿ ಬೇಕಾದಷ್ಟಿದೆ. ಆ ಹುಡುಗಿಗೆ ಕೊಡಿ ಫೋನು. ಒಪ್ಪಿಗೆ ಅವಳಿಗೇ ಹೇಳ್ತೀನಿ."

…

"ಮಗಳೇ, ಇದ್ದೀಯಾ? ಅಳಬೇಡ. ಒಂದು ಕೇಳ್ತೀನಿ: ಪ್ರಶಸ್ತಿ ಅವನಿಗೆ ಸಲ್ಲಬೇಕಾ? ನಿನಗೇನನ್ಸುತ್ತೆ?… ಗೊತ್ತಿಲ್ಲ ಅಂತೀಯ. ನನಗೆ ಗೊತ್ತಿತ್ತು ಅಂದುಕೊಂಡಿದ್ದೆ. ಟೀವಿಯಲ್ಲಿ ಅವನು ಬಂದಾಗೆಲ್ಲ ಬಾಯಿಗೆ ಬಂದದ್ದು ಅಂತಿದ್ದೆ. ರಜೆಗೆ ಬಂದವಳು ಇದೇ ಮಂಚದ ಮೇಲೆ ಕೂತು, 'ಅಣ್ಣ, ಹಾಗನ್ನಬೇಡ' ಅನ್ನೋಳು. ಎರಡು ವರ್ಷ ಮೇಲಿನವರಿಗೆ ಕಾಗದ ಬರೆದಳು, ಒಂದು ಉಂಡೆ ಹತ್ತಿ ಬರಲಿಲ್ಲ. ಅವನು ಬಂದು ಹೋದ ಮೂರನೇ ದಿನಕ್ಕೆ ಔಷಧಿ ತುಂಬಿದ ಎರಡು ಲಾರಿ. 'ಯಾರ ಮುಖ ನೋಡಿ ಬಂದ್ರೇನಣ್ಣ, ಮಕ್ಕಳ ಮೈಗೆ ಹೋಯ್ತಲ್ಲ' ಅಂದಳು."

…

"ಇರು, ಇನ್ನೂ ಇದೆ. ಫೋಟೋದವರೆಲ್ಲ ಕಾರಿಗೆ ಹೋದ ಮೇಲೆ ಇವಳ ಕೈ ನಡುಗೋಕೆ ಶುರುವಾಯ್ತಂತೆ. ಸ್ಟ್ಯಾಂಡು ಯಾರೋ ತರೋಕೆ ಹೋಗಿದ್ರು. ಅವನು ತಿರುಗಿ ನೋಡಿದನಂತೆ. ವಾಪಸ್ ಬಂದು, 'ಎಷ್ಟು ಎತ್ತರಕ್ಕೆ ಹಿಡೀಬೇಕಕ್ಕ?' ಅಂದನಂತೆ. 'ಹಣೆಗಿಂತ ಮೇಲೆ. ಇಳಿಸಿದ್ರೆ ಮಗುವಿನ ರಕ್ತ ನಳಿಗೆಗೆ ಏರುತ್ತೆ' ಅಂದಳಂತೆ ಇವಳು. ಬಾಟಲಿ ಇಸ್ಕೊಂಡು ಎತ್ತಿ ಹಿಡಿದು ನಿಂತನಂತಮ್ಮ, ಎರಡು ನಿಮಿಷ. ಯಾರೂ ಫೋಟೋ ತೆಗೀಲಿಲ್ಲ… ಹಾಂ, ಅದೇ. ನಿಮ್ಮ ತಗಡಿನ ಬಾಟಲಿ ಮಾತು ಫೋಟೋಗೆ ಸುಳ್ಳು, ಆ ಎರಡು ನಿಮಿಷಕ್ಕೆ ನಿಜ. ನಲವತ್ತು ವರ್ಷದಲ್ಲಿ ಇಂಥ ತಪ್ಪು ನಾನು ಕಂಡಿಲ್ಲ. ಹೇಗೆ ತಿದ್ದಬೇಕೋ ತಿಳೀತಿಲ್ಲ."

…

"ರೆಕಾರ್ಡ್ ಮಾಡ್ಕೊಳ್ತಿದೀಯಾ? ಸರಿ. ನನ್ನ ಹೆಸರು ನೀನು ಓದಿದ್ದೇ, ಸರಿಯಾಗಿದೆ. ನಾನು ಅವಳ ಅಣ್ಣ. ಫೋಟೋಗೆ ನನ್ನ ಒಪ್ಪಿಗೆ ಇದೆ, ಆದ್ರೆ ಕೈ ಹೇಗಿದೆಯೋ ಹಾಗೇ ಇರಬೇಕು. ಕಲೆ ಸಮೇತ. ಸ್ಟ್ಯಾಂಡ್ ಸೇರಿಸಿದ್ರೆ ಒಪ್ಪಿಗೆ ಇಲ್ಲ. ಪ್ರಶಸ್ತಿ ಅವನಿಗೇ ಕೊಡಿ. ಕೊಡುವಾಗ ಆ ಎರಡು ನಿಮಿಷಕ್ಕೆ ಅಂತ ಯಾರಾದರೂ ಅವನ ಕಿವಿಯಲ್ಲಿ ಹೇಳಿ. ಅವನಿಗೆ ಅರ್ಥವಾಗುತ್ತೆ… ನೀನೇ ಹೇಳ್ತೀಯಾ? ಹೂಗುಚ್ಛ ಹಿಡ್ಕೊಂಡು ಪಕ್ಕದಲ್ಲಿ ನಿಲ್ಲೋಳು ನೀನೇನಾ? ಒಳ್ಳೇದಾಯ್ತು, ಮಗಳೇ."

…

"ನಡುವೆ ಟುಂಯ್ ಟುಂಯ್ ಅಂತಿದೆಯಲ್ಲ, ವ್ಯಾನಿನವನು ಅಂತ ಕಾಣುತ್ತೆ. ಬಂದುಬಿಟ್ಟಳು. ನೀನು ನಿಲ್ಲಿಸಬೇಡ, ಇದೂ ರೆಕಾರ್ಡ್ ಆಗಲಿ. ದೇವರೇ, ನಿನ್ನ ಹತ್ರ ಬರ್ತಿರೋಳ ಜೊತೆ ನಾವು ಯಾವ ಬಿನ್ನವತ್ತಳೆನೂ ಕಳಿಸಿಲ್ಲ…"

ಲೈನು ಕಡಿದುಹೋಯಿತು. ಮರುಗಳಿಗೆಗೆ ಫೋನು ಅವರ ಕಿವಿಯಲ್ಲೇ ಬಡಿದುಕೊಳ್ಳತೊಡಗಿತು. ಟೈಲರಮ್ಮ ಬಂದು ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಮೂಲೆಯ ಔಷಧಿ ಅಂಗಡಿಯಿಂದ ಎಡಕ್ಕೆ ಎಂದು ದಾರಿ ಹೇಳಿದಳು. ಅವರು ಮುಚ್ಚಿದ ಕಣ್ಣು ತೆರೆಯಲಿಲ್ಲ.

"…ಕಲೆ ಇರೋ ಆ ಕೈ ನೋಡಿ ಗುರುತು ಹಿಡಿಯಪ್ಪ. ತುಂಬ ಹೊತ್ತು ಎತ್ತಿ ಹಿಡಿದಿದ್ದಾಳೆ. ಇನ್ನು ಇಳಿಸು ತಾಯಿ ಅಂತ ನೀನೇ ಹೇಳಬೇಕು, ಬೇರೆಯವರ ಮಾತು ಕೇಳೋಳಲ್ಲ ಅವಳು. ಅವಳ ಆತ್ಮಕ್ಕೆ ಶಾಂತಿ ಕೊಡು."