ಗ್ರಾಫಿಕ್ಸ್ ಕಾರ್ಡಿಗೆ ಒಡೆದ ಕಾಯಿ

ಕಾರಟಗಿಯಿಂದ ಗಂಗಾವತಿಗೆ ಹೊರಟ ಬಸ್ಸಿನಲ್ಲಿ ಕವಿತಾಳ ಮುಂದಿನ ಸೀಟಿಗೆ ಅಣ್ಣ ತಂಗಿ ಬಂದು ಕುಳಿತರು. ಗಿಳಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸನ ಕಥೆ ಕೇಳಿ ಬೆಳೆದವಳು ಕವಿತಾ. ಅಣ್ಣ ಎದೆಗವಚಿಕೊಂಡಿದ್ದ ಡಬ್ಬಿಯೊಳಗೂ ಯಾರದೋ ಜೀವ ಇದ್ದಂತೆ ಅವಳಿಗೆ ಕಂಡಿತು.

"ಅಣ್ಣಾ, ಪೂರಾ ಸುಟ್ಟೈತೇನು?"

"ಬಾಯಿ ಮುಚ್ಚು ವಾಣಿ. ಅಂಗಡ್ಯಾಗ ನೋಡಿ ಹೇಳ್ತಾರ."

"ಕಂಪ್ಯೂಟರಿನ ಹೊಸಾ ಗ್ರಾಫಿಕ್ಸ್ ಕಾರ್ಡಿನ ಮುಂದ ಅಜ್ಜಿ ಕಾಯಿ ಒಡಿಯೋವಾಗ ಕೈಮುಗುದು ನಿಂತಿದ್ದಿ ನೋಡು, ದೊಡ್ಡ ಭಕ್ತ!"

"ಟ್ರ್ಯಾಕ್ಟರಿಗೆ ಒಡದ್ಲು, ಪಂಪ್‌ಸೆಟ್ಟಿಗೆ ಒಡದ್ಲು. ಇದಕ್ಕ ಬ್ಯಾಡ ಅನ್ನಾಕ ಆಗ್ತೈತೇನು? ಕಾಯಿ ನೀರು ಒಳಗ ಸಿಡದಿದ್ದು ನಾ ನೋಡಲಿಲ್ಲ. ಕರೆಂಟ್ ಕೊಟ್ಟ ಮ್ಯಾಲೆ ವಾಸನಿ ಬಂತು."

"ಹೋಗಿದ್ರ ಸಣ್ಣ ಕಾರ್ಡ್ ತಗೊಳ್ಳೋಣು."

"ಅದರಾಗ ಗೇಮ್ ನಿಂತ ನಿಂತ ಓಡ್ತೈತಿ. ವರ್ಷಪೂರ್ತಿ ನೋಡಿ ಆರಿಸಿದ್ದೆ ಇದನ್ನ. ಪ್ರೊಸೆಸರ್, ರ‍್ಯಾಮ್ ಉಳದಾವ, ಅದ ಪುಣ್ಯ."

ಅವನ ಫೋನ್ ರಿಂಗಾಯಿತು.

"ಹೂಂ ಅಜ್ಜಿ, ಅಂಗಡ್ಯಾಗ ಹಚ್ಚಿ ನೋಡಿದ್ವಿ. ಭಾಳ ಛಲೋ ನಡದೈತಿ. ಎಲ್ಲಾ ನಿನ್ನ ಪೂಜಿಯಿಂದ... ಏನು? ಅಜ್ಜಿ! ಅಜ್ಜಿ!"

"ಏನಂದ್ಲು?"

"ಹಂಗಾರ ಮನ್ಯಾಗ ಮೇಜಿನ ಮ್ಯಾಲೆ ಬಿಚ್ಚಿಟ್ಟ ಉಳಿದ ಸಾಮಾನಿಗೂ ಈಗ ಕಾಯಿ ಒಡೀತೀನಿ ಅಂದ್ಲು."

"ತಿರುಗಿ ಫೋನ್ ಹಚ್ಚು!"

"ಎತ್ತವಲ್ಲಳು. ಪೂಜಿಗೆ ಕುಂತಾಳ."

ವಾಣಿ ಸೀಟಿನಿಂದ ನೆಗೆದೆದ್ದಳು. "ಕಂಡಕ್ಟರ್ರ, ಇಲ್ಲೇ ಇಳಸ್ರೀ!"

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಬ್ಬರೂ ಧುಮುಕಿ, ಭತ್ತದ ಗದ್ದೆಗಳ ನಡುವೆ ಬಂದ ದಾರಿಯಲ್ಲೇ ತಿರುಗಿ ಓಡಿದರು. ಡಬ್ಬಿ ಇನ್ನೂ ಅಣ್ಣನ ಎದೆಗೇ ಅಂಟಿಕೊಂಡಿತ್ತು.